ರಾಮನಗರದ ಬಂಡೆಗಳಲ್ಲಿ ಭೂಚರಿತ್ರೆಯ ಕಾಲವನ್ನು ಗುರುತಿಸುವ ಕ್ರಮ

ಭೂವಿಜ್ಞಾನಿಗಳು ಬಂಡೆಯ ಕಾಲವನ್ನು ನಿರ್ಣಯಿಸುವಾಗ ಹಿರಿ-ಕಿರಿತನವನ್ನು ಮೊದಲು ಗೊತ್ತುಮಾಡಿಕೊಳ್ಳುತ್ತಾರೆ. ವರ್ಷಗಳ ಲೆಕ್ಕ ಆಮೇಲೆ ಬರುತ್ತದೆ. ಈ ಕ್ರಮವನ್ನು ಕಲಿಯಲು ಬೆಂಗಳೂರಿನಿಂದ ರಾಮನಗರದವರೆಗಿನ ಸೀಮೆಗಿಂತ ಒಳ್ಳೆಯ ಪಾಠಶಾಲೆಯನ್ನು ನಾನು ಕಂಡಿಲ್ಲ. ಇಲ್ಲಿ ಮುಖ್ಯವಾಗಿ ಮೂರು ಶಿಲೆಗಳಿವೆ: ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ, ಕಪ್ಪು-ಬಿಳಿ ಪಟ್ಟೆಗಳುಳ್ಳ ನೈಸ್, ರಾಮನಗರದ ಬೆಟ್ಟಗಳಲ್ಲಿರುವ, ದೊಡ್ಡ ಹರಳುಗಳ ನಸುಗೆಂಪು-ಬೂದು ಗ್ರಾನೈಟ್, ಇವನ್ನು ಸೀಳಿಕೊಂಡು ಗೋಡೆಯಂತೆ ಹಾಯ್ದಿರುವ ಕಪ್ಪು ಡಾಲರೈಟ್ ಡೈಕ್‌ಗಳು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಗ್ರಾನೈಟ್ ಭೂವಿಜ್ಞಾನಿಗಳಿಗೆ ಇಂದಿಗೂ ಆ ಹೆಸರಿನಿಂದಲೇ ಪರಿಚಿತ.

ಪದರಶಿಲೆಗಳಿರುವ ಕಡೆ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು ಎಂಬ ನಿಯಮ ಸಾಕಾಗುತ್ತದೆ. ನಿಕೋಲಸ್ ಸ್ಟೆನೊ ಅದನ್ನು 1669ರಲ್ಲೇ ಹೇಳಿದ್ದ. ರಾಮನಗರದ ಶಿಲೆಗಳು ಪದರಪದರವಾಗಿ ಸಂಚಯಗೊಂಡವಲ್ಲವಾದ್ದರಿಂದ ಇಲ್ಲಿ ಬೇರೆ ಸಾಕ್ಷ್ಯಗಳನ್ನು ಹುಡುಕಬೇಕು. ಗ್ರಾನೈಟ್ ಮತ್ತು ನೈಸ್ ಸಂಧಿಸುವ ಅಂಚಿನಲ್ಲಿ, ಬಂಡೆಯನ್ನು ಕತ್ತರಿಸಿದ ಹಳೆಯ ಕ್ವಾರಿಯ ಮುಖವೋ ರಸ್ತೆಗಾಗಿ ಸೀಳಿದ ಗುಡ್ಡದ ಪಕ್ಕವೋ ಸಿಕ್ಕರೆ, ಗ್ರಾನೈಟಿನೊಳಗೆ ಪಟ್ಟೆಯುಳ್ಳ ನೈಸ್‌ನ ತುಂಡುಗಳು ಸಿಕ್ಕಿಕೊಂಡಿವೆಯೇ ಎಂದು ನೋಡಿ. ಕರಗಿದ ಶಿಲಾರಸವು ತನಗಿಂತ ಮೊದಲೇ ಇದ್ದ ಕಲ್ಲಿನ ಚೂರುಗಳನ್ನು ಮಾತ್ರ ನುಂಗಬಲ್ಲದು. ಆದ್ದರಿಂದ ಒಳಗಿರುವ ತುಂಡು ಹಿರಿಯದು. ಬಳಿಕ ಡೈಕಿನ ಅಂಚನ್ನು ಕೈಮಸೂರದಿಂದ ಪರೀಕ್ಷಿಸಿ. ನಡುವಿನಲ್ಲಿ ಹರಳುಗಳು ಬಿಡಿಬಿಡಿಯಾಗಿ ಕಾಣುತ್ತಿದ್ದು ಅಂಚಿನತ್ತ ಸಾಗಿದಂತೆ ಅತಿ ನುಣುಪಾಗುತ್ತಿದ್ದರೆ, ಆಗಲೇ ತಣ್ಣಗಾಗಿದ್ದ ಬಂಡೆಯ ಬಿರುಕಿಗೆ ಬಿಸಿ ಶಿಲಾರಸ ನುಗ್ಗಿ ಅಂಚಿನಲ್ಲಿ ಥಟ್ಟನೆ ಹೆಪ್ಪುಗಟ್ಟಿತು ಎಂದರ್ಥ. ಹೀಗೆ ಯಾವ ಯಂತ್ರದ ನೆರವೂ ಇಲ್ಲದೆ ನೈಸ್, ಗ್ರಾನೈಟ್, ಡೈಕ್ ಎಂಬ ಅನುಕ್ರಮ ಸಿದ್ಧವಾಗುತ್ತದೆ. ಮುಂದೆ ಪ್ರಯೋಗಾಲಯದಿಂದ ಬರುವ ಯಾವ ಅಂಕಿಯೂ ಈ ಅನುಕ್ರಮಕ್ಕೆ ವಿರುದ್ಧವಾಗಿದ್ದರೆ, ಮೊದಲು ಅಂಕಿಯನ್ನೇ ಅನುಮಾನಿಸಬೇಕು.

ವರ್ಷಗಳ ಲೆಕ್ಕಕ್ಕೆ ಬಹುಪಾಲು ಜಿರ್ಕಾನ್ ಎಂಬ ಖನಿಜವನ್ನೇ ನೆಚ್ಚಲಾಗುತ್ತದೆ. ಗ್ರಾನೈಟನ್ನು ಪುಡಿಮಾಡಿ, ಭಾರವಾದ ಕಣಗಳನ್ನು ಬೇರ್ಪಡಿಸಿ, ಮರಳಿನ ಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಆದ ಈ ಹರಳುಗಳನ್ನು ಆಯ್ದು ತೆಗೆಯುತ್ತಾರೆ. ಜಿರ್ಕಾನ್ ಹರಳುಗಟ್ಟುವಾಗ ಯುರೇನಿಯಂ ಅದರೊಳಗೆ ಸುಲಭವಾಗಿ ಸೇರುತ್ತದೆ, ಸೀಸ ಬಹುತೇಕ ಸೇರುವುದಿಲ್ಲ. ಹಾಗಾಗಿ ಇಂದು ಅದರಲ್ಲಿ ಸಿಗುವ ಸೀಸದ ಬಹುಭಾಗ ಯುರೇನಿಯಂ ಕ್ಷಯಿಸಿ ಉಂಟಾದದ್ದು. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಅದು ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳಿರುವುದರಿಂದ ಒಂದರ ಉತ್ತರವನ್ನು ಇನ್ನೊಂದರಿಂದ ಪರಿಶೀಲಿಸಬಹುದು. ಸೀಸ ಸೋರಿಹೋಗಿದ್ದರೆ ಎರಡೂ ತಾಳೆಯಾಗುವುದಿಲ್ಲ. ಕೆಲವರು ಕೇಳುವ ಇಂಗಾಲ-14ರ ವಿಧಾನ ಇಲ್ಲಿ ಸಲ್ಲದು. ಅದು ಒಂದು ಕಾಲದಲ್ಲಿ ಜೀವವಿದ್ದ ವಸ್ತುಗಳಿಗೆ, ಅದೂ ಸುಮಾರು 50,000 ವರ್ಷಗಳವರೆಗೆ ಮಾತ್ರ ಉಪಯುಕ್ತ.

ಈ ವಿಧಾನದಿಂದ ಈ ಸೀಮೆಯ ನೈಸ್‌ಗೆ 300 ಕೋಟಿ ವರ್ಷಗಳ ಆಸುಪಾಸು, ಕ್ಲೋಸ್‌ಪೇಟೆ ಗ್ರಾನೈಟ್‌ಗೆ 250 ಕೋಟಿಗಿಂತ ತುಸು ಹೆಚ್ಚು ವರ್ಷ ದೊರೆತಿದೆ. ಪೂರ್ವ-ಪಶ್ಚಿಮವಾಗಿ ಹಬ್ಬಿರುವ ಡಾಲರೈಟ್ ಡೈಕ್‌ಗಳಲ್ಲಿ ಜಿರ್ಕಾನ್ ಸಿಗುವುದು ವಿರಳ. ಅವುಗಳಲ್ಲಿನ ಬ್ಯಾಡಲಿಯೈಟ್ ಎಂಬ ಖನಿಜವನ್ನು ಇದೇ ರೀತಿ ಅಳೆದಾಗ ಸುಮಾರು 237 ಕೋಟಿ ವರ್ಷ ಬಂದಿದೆ. ಕಣ್ಣಿಂದ ಕಂಡ ಅನುಕ್ರಮವೂ ಅಳೆದ ಅಂಕಿಗಳೂ ಒಂದೇ ಮಾತನ್ನು ಹೇಳುತ್ತಿವೆ.

ಈಗ ಇವನ್ನು ಕಾಲಪಟ್ಟಿಯಲ್ಲಿ ಕೂರಿಸಬೇಕು. ಭೂಮಿಯ ಸುಮಾರು 454 ಕೋಟಿ ವರ್ಷಗಳ ಚರಿತ್ರೆಯನ್ನು ಹೇಡಿಯನ್, ಆರ್ಕಿಯನ್, ಪ್ರೊಟೆರೊಜೋಯಿಕ್, ಫ್ಯಾನೆರೊಜೋಯಿಕ್ ಎಂಬ ನಾಲ್ಕು ಇಯಾನ್‌ಗಳಾಗಿ, ಇವುಗಳಲ್ಲಿ ಹೇಡಿಯನ್ ಒಂದನ್ನುಳಿದು ಮಿಕ್ಕವನ್ನು ಇನ್ನೂ ಚಿಕ್ಕ ಕಾಲಖಂಡಗಳಾಗಿ ವಿಭಾಗಿಸಲಾಗಿದೆ. ಆರ್ಕಿಯನ್ ಮುಗಿದು ಪ್ರೊಟೆರೊಜೋಯಿಕ್ ಆರಂಭವಾಗುವ ಗಡಿ 250 ಕೋಟಿ ವರ್ಷ. ಅಂದರೆ ಗ್ರಾನೈಟ್ ಈ ಗಡಿಯ ಆಚೆಗೆ, ಡೈಕ್ ಈಚೆಗೆ ಬೀಳುತ್ತದೆ. ಡೈಕಿನ ಅಂಚಿನ ಮೇಲೆ ಬೆರಳಿಟ್ಟರೆ ಎರಡು ಇಯಾನ್‌ಗಳನ್ನು ಒಟ್ಟಿಗೆ ಮುಟ್ಟಿದಂತಾಗುತ್ತದೆ. ನನಗೆ ಇದು ಇಂದಿಗೂ ಮೈನವಿರೇಳಿಸುವ ಸಂಗತಿ.

ಆ ಗಡಿಯನ್ನು ಅಂಕಿಯಿಂದಲೇ ನಿಗದಿಪಡಿಸಿದ್ದಾರೆ, ಏಕೆಂದರೆ ಅಷ್ಟು ಹಿಂದಿನ ಶಿಲೆಗಳಲ್ಲಿ ದೂರದೂರದ ಪ್ರದೇಶಗಳನ್ನು ಹೋಲಿಸಲು ನೆರವಾಗುವ ಚಿಪ್ಪು, ಮೂಳೆಗಳ ಪಳೆಯುಳಿಕೆಗಳಿಲ್ಲ. ಫ್ಯಾನೆರೊಜೋಯಿಕ್‌ನ ಮೊದಲ ಕಾಲಖಂಡವಾದ ಕೇಂಬ್ರಿಯನ್ನಿಂದ ಈಚೆಗೆ, ಅಂದರೆ ಸುಮಾರು 53.9 ಕೋಟಿ ವರ್ಷಗಳಿಂದ ಈಚೆಗೆ, ಕ್ರಮ ಬೇರೆ. ಜಗತ್ತಿನ ಯಾವುದೋ ಒಂದು ಸ್ಥಳದ ಪದರಗಳಲ್ಲಿ ಒಂದು ಬಿಂದುವನ್ನು ಆರಿಸಿ, ಗಡಿ ಇಲ್ಲೇ ಎಂದು ಒಪ್ಪಿಕೊಳ್ಳುತ್ತಾರೆ. ಸೈಲೂರಿಯನ್ ಮತ್ತು ಡೆವೋನಿಯನ್ ಎಂಬ ಕಾಲಖಂಡಗಳ ನಡುವಿನ ಗಡಿಯನ್ನು 1972ರಲ್ಲಿ ಇಂದಿನ ಚೆಕ್ ದೇಶದ ಕ್ಲೋಂಕ್ ಎಂಬಲ್ಲಿ ಹೀಗೆ ಗುರುತಿಸಿದ್ದು ಈ ಬಗೆಯ ಮೊದಲ ನಿರ್ಣಯ. ಅಳತೆ ಸುಧಾರಿಸಿದಂತೆ ಇಂಥ ಗಡಿಯ ವರ್ಷ ಬದಲಾಗಬಹುದು, ಬಿಂದು ಮಾತ್ರ ಕದಲುವುದಿಲ್ಲ. ಹಳೆಯ ಪುಸ್ತಕದ ಅಂಕಿಗೂ ಹೊಸದರ ಅಂಕಿಗೂ ವ್ಯತ್ಯಾಸ ಕಂಡಾಗ ಇದನ್ನು ನೆನಪಿಡಬೇಕು. ತೀರ ಈಚಿನ ಮೇಘಾಲಯನ್ ಎಂಬ ಕಾಲಖಂಡದ ಆರಂಭಬಿಂದು ನಮ್ಮ ಮೇಘಾಲಯದ ಮಾಮ್ಲೂ ಗುಹೆಯ ಸುಣ್ಣದ ಸ್ತಂಭವೊಂದರಲ್ಲಿದೆ. 2018ರಲ್ಲಿ ಅಂಗೀಕೃತವಾದ ಅದು ಸುಮಾರು 4,200 ವರ್ಷಗಳ ಹಿಂದಿನ ಬರಗಾಲವನ್ನು ಸೂಚಿಸುತ್ತದೆ.

ಸ್ಥಳದಲ್ಲಿ ಟಿಪ್ಪಣಿ ಬರೆಯುವಾಗ ಯಾವ ಶಿಲೆ ಯಾವುದನ್ನು ಕತ್ತರಿಸಿದೆ ಎಂಬುದರ ಚಿತ್ರ, ಡೈಕ್ ಹಾಯ್ದಿರುವ ದಿಕ್ಕು, ಅಂಚಿನ ಸ್ವರೂಪ ಇವು ಮೂರೂ ಇರಲಿ. ಹಾರೋಹಳ್ಳಿಯ ಸುತ್ತ ಸುಮಾರು 120 ಕೋಟಿ ವರ್ಷಗಳ ಬೇರೆ ಡೈಕ್‌ಗಳೂ ಇರುವುದರಿಂದ, ಕಪ್ಪು ಬಣ್ಣವೊಂದನ್ನೇ ನಂಬಿ 237 ಕೋಟಿ ಎಂದು ಬರೆಯಬಾರದು. ಪ್ರಕಟವಾದ ವಯಸ್ಸನ್ನು ಉಲ್ಲೇಖಿಸುವಾಗ ಅಳೆದ ಖನಿಜದ ಹೆಸರನ್ನೂ ಬರೆಯಿರಿ. ಗ್ರಾನೈಟಿನ ಜಿರ್ಕಾನ್ ಹರಳಿನ ತಿರುಳು ಕೆಲವೊಮ್ಮೆ ಹಳೆಯ ನೈಸ್‌ನಿಂದ ಬಂದದ್ದಾಗಿರುತ್ತದೆ, ಗ್ರಾನೈಟ್ ಹುಟ್ಟಿದ ಕಾಲವನ್ನು ಹೇಳುವುದು ಅದರ ಸುತ್ತ ಬೆಳೆದ ಹೊರಪದರ. ಲಾಲ್‌ಬಾಗ್ ಗುಡ್ಡ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ರಾಮದೇವರ ಬೆಟ್ಟ ರಣಹದ್ದುಗಳ ರಕ್ಷಿತ ತಾಣ; ಅಲ್ಲಿಗೆ ಸುತ್ತಿಗೆ ಒಯ್ಯಬೇಡಿ.