ಹಳೆ ಕಿಟಕಿಗೆ ಜೋಡಿ ಗಾಜು ಕೂರಿಸುವುದು ಹೇಗೆ?

ಎರಡು ಗಾಜಿನ ನಡುವೆ ಒಣಗಾಳಿ ಇಟ್ಟು ಅಂಚು ಮುಚ್ಚಿದ ಹಲಗೆಗೆ ಅಂಗಡಿಯಲ್ಲಿ ಡಿಜಿಯು ಅನ್ನುತ್ತಾರೆ. ದುಬಾರಿ ಗಾಜು ತಂದರೂ ಮಳೆಗಾಲ ಕಳೆಯುತ್ತಿದ್ದಂತೆ ಒಳಗೆ ಮಂಜು ಕಟ್ಟುವ ಕಿಟಕಿಗಳಿವೆ. ಹೆಚ್ಚಿನ ಸಲ ತಪ್ಪು ಗಾಜಿನದ್ದಲ್ಲ, ಕೂರಿಸಿದ ರೀತಿಯದ್ದು.

ಯಾವ ಕಿಟಕಿಗೆ? ಮನೆಯ ಎಲ್ಲ ಕಿಟಕಿಗೂ ಬೇಡ. ದಿನವಿಡೀ ತೆರೆದಿಡುವ ಕಿಟಕಿಗೆ ಹಾಕಿಸಿದರೆ ದುಡ್ಡು ದಂಡ. ಎ.ಸಿ. ಓಡುವ, ಪಶ್ಚಿಮದ ಬಿಸಿಲು ಬೀಳುವ ಕೋಣೆಯಿಂದ ಶುರುಮಾಡಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಲಾಭ ಹೆಚ್ಚು.

ಯಾವ ಗಾಜು? 6 ಮಿ.ಮೀ. ಒಂಟಿ ಗಾಜಿನ ಯು-ಮೌಲ್ಯ (ಕಾವು ದಾಟುವ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಸುಮಾರು 5.7. ನಡುವೆ 12 ಮಿ.ಮೀ. ಸಂದು ಬಿಟ್ಟ ಜೋಡಿ ಗಾಜಿನದ್ದು ಸುಮಾರು 2.8. ಈ ಲೆಕ್ಕ ತೋರಿಸಿಯೇ ಸಾದಾ ಜೋಡಿ ಗಾಜು ಮಾರುತ್ತಾರೆ. ಆದರೆ ನಮ್ಮಲ್ಲಿ ಕಿಟಕಿಯಿಂದ ಬರುವ ಸೆಕೆಯ ದೊಡ್ಡ ಪಾಲು ನೇರ ಬಿಸಿಲಿನದ್ದು. ಅದರಲ್ಲಿ ಒಂಟಿ ಗಾಜು ಶೇ 80ರಷ್ಟನ್ನು ಒಳಬಿಟ್ಟರೆ, ಸಾದಾ ಜೋಡಿ ಗಾಜೂ ಶೇ 70ರಷ್ಟನ್ನು ಬಿಡುತ್ತದೆ. ಹಾಗಾಗಿ ಬಿಸಿಲು ತಡೆಯುವ ಲೋ-ಇ ಲೇಪನದ ಗಾಜನ್ನೇ ಕೇಳಿ. ಎಸ್‌ಎಚ್‌ಜಿಸಿ ಅಂಕಿ (ಬಿಸಿಲಿನ ಕಾವಿನಲ್ಲಿ ಒಳಬರುವ ಪಾಲು) 0.3ರ ಆಸುಪಾಸಿರಲಿ.

ಲೇಪನ ಹೊರಗಾಜಿನ ಒಳಮೈಯಲ್ಲಿರಬೇಕು. ತಿರುಗಿಸಿ ಕೂರಿಸಿದರೆ ಲೇಪನ ಹೀರಿದ ಕಾವು ಕೋಣೆಯ ಕಡೆಗೇ ಬರುತ್ತದೆ. ಗಾಜು ಬಂದ ದಿನವೇ ಮಬ್ಬುಬೆಳಕಿನಲ್ಲಿ ಹೊರಮೈ ಎದುರು ಲೈಟರ್ ಹಚ್ಚಿ ಓರೆಯಾಗಿ ನೋಡಿ. ನಾಲ್ಕು ಜ್ವಾಲೆ ಕಾಣುತ್ತವೆ. ನಿಮ್ಮ ಕಡೆಯಿಂದ ಎರಡನೆಯದರ ಬಣ್ಣ ಬೇರೆಯಿದ್ದರೆ ಸರಿ.

ಎಲ್ಲಿ ಕೂರಿಸುತ್ತೀರಿ ಎಂಬುದನ್ನೂ ಆರ್ಡರ್ ಕೊಡುವಾಗಲೇ ಹೇಳಿ. ಚೆನ್ನೈಯಲ್ಲಿ ಅಂಚು ಮುಚ್ಚಿದ ಗಾಜನ್ನು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ, ಇಲ್ಲಿ ಗಾಳಿಯೊತ್ತಡ ಹತ್ತರಲ್ಲೊಂದು ಪಾಲು ಕಡಿಮೆಯಾದ್ದರಿಂದ ಅದು ಉಬ್ಬುತ್ತದೆ. ಬೆಂಗಳೂರಿನದ್ದು ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದರೆ ಒಳಕ್ಕೆ ತಗ್ಗುತ್ತದೆ. ಎರಡರಲ್ಲೂ ಅಂಚಿನ ಮುಚ್ಚಿಗೆ ಮೇಲೆ ಒತ್ತಡ ಬೀಳುತ್ತದೆ.

ಚೌಕಟ್ಟು ತಡೆಯುತ್ತದೆಯೇ? ಯುಪಿವಿಸಿ ಕೇಸ್‌ಮೆಂಟ್ (ಪಕ್ಕಕ್ಕೆ ತೆರೆಯುವ ಪ್ಲಾಸ್ಟಿಕ್) ಕಿಟಕಿಯಾದರೆ ಸಾಮಾನ್ಯವಾಗಿ ಬೀಡಿಂಗ್ (ಗಾಜು ಹಿಡಿಯುವ ಪಟ್ಟಿ) ಬದಲಿಸಿ ಒಟ್ಟು 20 ಅಥವಾ 24 ಮಿ.ಮೀ. ದಪ್ಪದ ಜೋಡಿ ಗಾಜು ಕೂರಿಸಬಹುದು. 5 ಮಿ.ಮೀ. ಗಾಜಿಗೆಂದೇ ಮಾಡಿದ ಹಳೆ ಅಲ್ಯೂಮಿನಿಯಂ ಸ್ಲೈಡಿಂಗ್‌ಗೆ ಆಗದು, ಶಟರ್ ಸಮೇತ ಬದಲಿಸಿ. ಸಾಗುವಾನಿ ಶಟರಿನ ಗಾಜು ಕೂರುವ ಕಿರಿದಾದ ತೋಡಿನಲ್ಲೂ ನಿಲ್ಲದು. ಇದ್ದ ಗಾಜಿನ ಮೇಲೆ ಇನ್ನೊಂದನ್ನು ಸಿಲಿಕಾನ್‌ನಿಂದ ಅಂಟಿಸಿಕೊಡುತ್ತೇವೆ ಎನ್ನುವವರನ್ನು ವಾಪಸ್ ಕಳಿಸಿ. ಫ್ಯಾಕ್ಟರಿ ಜೋಡಿ ಗಾಜಿನ ನಡುವಿನ ಅಂಚುಪಟ್ಟಿ (ಸ್ಪೇಸರ್) ಒಳಗೆ ತೇವ ಹೀರುವ ಹರಳುಗಳಿರುತ್ತವೆ, ಇದರಲ್ಲಿ ಇರುವುದಿಲ್ಲ.

ಭಾರವನ್ನೂ ನೋಡಿಕೊಳ್ಳಿ: 1.2 ಮೀಟರ್ ಚೌಕದ 5+5 ಮಿ.ಮೀ. ಜೋಡಿ ಗಾಜು 36 ಕಿಲೊ ತೂಗುತ್ತದೆ. ಒಂಟಿ ಗಾಜು ಹೊತ್ತಿದ್ದ ಹಿಂಜು ಸಾಲದು.

ಅಳತೆ. ಬೀಡಿಂಗ್ ಬಿಚ್ಚಿ, ಅಗಲ ಎತ್ತರ ಎರಡನ್ನೂ ಮೂರು ಕಡೆ ಅಳೆದು, ಕನಿಷ್ಠ ಅಳತೆಯಲ್ಲಿ 10 ಮಿ.ಮೀ. ಕಳೆಯಿರಿ. ಚೌಕಟ್ಟು ಓರೆಯಾಗಿದೆಯೇ ತಿಳಿಯಲು ಮೂಲೆಯಿಂದ ಮೂಲೆಗೂ ಅಳೆಯಿರಿ. ಈ ಗಾಜನ್ನು ಆಮೇಲೆ ಕತ್ತರಿಸಲಾಗದು.

ಕೂರಿಸುವುದು. ಕೆಲಸ ಕೆಡುವುದು ಇಲ್ಲೇ. ಹೊರಗಿನ ರಬ್ಬರ್ ಎಷ್ಟೇ ಬಿಗಿಯಿದ್ದರೂ ಸ್ವಲ್ಪ ಮಳೆನೀರು ಚೌಕಟ್ಟಿನೊಳಗೆ ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಕೆಳಪಟ್ಟಿಯಲ್ಲಿ ಸೀಳುಗಳಿರುತ್ತವೆ. ಅವುಗಳಲ್ಲಿ ಗಾರೆ, ಹಳೆ ಸಿಲಿಕಾನ್ ತುಂಬಿರುವುದೇ ಹೆಚ್ಚು. ಕೆರೆದು ತೆಗೆದು ಒಂದು ಲೋಟ ನೀರು ಸುರಿಯಿರಿ. ಅಷ್ಟೂ ಹೊರಗಡೆಗೆ ಹರಿದುಹೋಗುವ ತನಕ ಗಾಜು ಎತ್ತಬೇಡಿ. ಅಂಚು ನೀರಿನಲ್ಲಿ ನೆನೆಯುತ್ತಾ ನಿಂತರೆ ಎಂಥ ಮುಚ್ಚಿಗೆಯೂ ಬಿಡುತ್ತದೆ.

ಗಾಜು ನೇರವಾಗಿ ಚೌಕಟ್ಟಿನ ಮೇಲೆ ಕೂರಬಾರದು. ಅಡಿಯಲ್ಲಿ 5 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್ ತುಂಡು ಇಡಿ. ಅದರ ಅಗಲ ಜೋಡಿ ಗಾಜಿನ ಪೂರ್ತಿ ದಪ್ಪಕ್ಕಿಂತ 2 ಮಿ.ಮೀ. ಹೆಚ್ಚಿರಲಿ. ತುಂಡು ಕಿರಿದಾದರೆ ಒಂದು ಗಾಜು ಮಾತ್ರ ಕೂತು ಇನ್ನೊಂದು ಜೋತುಬೀಳುತ್ತದೆ, ಆ ಎಳೆತಕ್ಕೆ ಅಂಚಿನ ಬ್ಯುಟೈಲ್ ಅಂಟು ಬಿಟ್ಟುಕೊಂಡು ತೇವ ನುಗ್ಗುತ್ತದೆ. ತೆರೆಯದ ಕಿಟಕಿಗೆ ಎರಡು ತುಂಡು, ಎರಡೂ ಮೂಲೆಯಿಂದ ಅಗಲದ ಕಾಲು ಭಾಗದಲ್ಲಿ. ಪಕ್ಕಕ್ಕೆ ತೆರೆಯುವ ಶಟರಿಗೆ ಒಂದು ತುಂಡು ಹಿಂಜಿನ ಕೆಳಮೂಲೆಯ ಬಳಿ ಗಾಜಿನಡಿ, ಇನ್ನೊಂದು ಅದರ ಕರ್ಣದ ತುದಿಯಲ್ಲಿ, ಬೀಗದ ಕಡೆ ಮೇಲೆ, ಗಾಜಿನ ಪಕ್ಕಕ್ಕೆ. ಹೀಗಿಟ್ಟರೆ ಶಟರ್ ಜೋಲುವುದಿಲ್ಲ. ಯಾವ ತುಂಡೂ ನೀರಿನ ಸೀಳನ್ನು ಮುಚ್ಚಬಾರದು. ಮರದ ಚಕ್ಕೆ, ರಟ್ಟು, ಟೈಲ್ಸ್ ಚೂರು ಇಡಲು ಬಿಡಲೇಬೇಡಿ.

ಬೀಡಿಂಗ್ ಬಡಿದ ಮೇಲೆ ಸಿಲಿಕಾನ್ ಹಾಕುವುದಿದ್ದರೆ ನ್ಯೂಟ್ರಲ್ ಮಾತ್ರ. ವಿನೆಗರ್ ವಾಸನೆ ಹೊಡೆಯುವ ಅಗ್ಗದ ಟ್ಯೂಬಿನ ಆಮ್ಲ ಜೋಡಿ ಗಾಜಿನ ಅಂಚಿನ ಮುಚ್ಚಿಗೆಯನ್ನೇ ಹಾಳುಮಾಡುತ್ತದೆ. ಯುಪಿವಿಸಿಗೆ ರಬ್ಬರ್ ಗ್ಯಾಸ್ಕೆಟ್ ಸಾಕು.

ಆಮೇಲೆ ಒಳಗಿನಿಂದ ಕಪ್ಪು ಫಿಲ್ಮ್ ಅಂಟಿಸಬೇಡಿ. ಕಾವು ಅಲ್ಲೇ ಸಿಕ್ಕಿಕೊಂಡು ಗಾಜು ಬಿರಿಯಬಹುದು. ಎರಡು ಗಾಜಿನ ನಡುವೆ ಮಂಜು ಕಂಡರೆ ರಂಧ್ರ ಕೊರೆದು ಒಣಗಿಸುವ ರಿಪೇರಿಗೆ ದುಡ್ಡು ಹಾಕಬೇಡಿ, ಗಾಜೇ ಬದಲಾಗಬೇಕು. ಅಂಚಿನ ಮುಚ್ಚಿಗೆಗೆ ಎಷ್ಟು ವರ್ಷದ ವಾರಂಟಿ ಎಂಬುದನ್ನು ಕೊಳ್ಳುವಾಗಲೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.