ಚೀಟಿಯ ಮೂಲೆಯ ಕೆಂಪು ಗೀಟು

ತುಮಕೂರು ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯಾಧಿಕಾರಿಯಾಗಿ ಬಂದ ಮೊದಲ ವರ್ಷ ಎಷ್ಟು ಕ್ಷಯ ರೋಗಿಗಳಿಗೆ ಬರಿಯ ಕೆಮ್ಮಿನ ಸಿರಪ್ ಕೊಟ್ಟು ಕಳುಹಿಸಿದ್ದೇನೋ, ಲೆಕ್ಕವಿಲ್ಲ. ಕ್ಷಯ ತಾಲ್ಲೂಕು ಆಸ್ಪತ್ರೆಯವರ ಕೆಲಸ ಎಂದೇ ತಿಳಿದಿದ್ದೆ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1960ರ ದಶಕದ ಆರಂಭದಲ್ಲಿ ಇದೇ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಆಮೇಲೆ ಕಣ್ಣಿಗೆ ಬಿತ್ತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಕೆಮ್ಮಿನ ಔಷಧಿ ಹಿಡಿದು ಮರಳಿದ್ದರು. ಓದಿ ನಾಚಿಕೆಯಾಯಿತು. ಅದೇ ಬಾಟಲಿ ಈಗ ನನ್ನ ಮೇಜಿನಿಂದ ಹೋಗುತ್ತಿತ್ತು.

ಮರುವಾರದಿಂದ ಹೊರರೋಗಿ ಚೀಟಿ ಬರೆಯುವಲ್ಲಿಯೇ ಕೇಳಲು ಶುರು ಮಾಡಿದೆವು: ಕೆಮ್ಮು ಎಷ್ಟು ದಿನದಿಂದ? ಎರಡು ವಾರವಾಗಿದ್ದರೆ ಚೀಟಿಯ ಮೂಲೆಯಲ್ಲಿ ಕೆಂಪು ಗೀಟು. ಗೀಟು ಕಂಡರೆ, ಕ್ಷಯದ ಪರೀಕ್ಷೆಗೆ ಕಫದ ಡಬ್ಬಿ ಕೊಡದೆ ನಾನು ಸಿರಪ್ ಬರೆಯುವಂತಿಲ್ಲ. ಮೊದಮೊದಲು ಡಬ್ಬಿಗಳಲ್ಲಿ ಬರಿಯ ಎಂಜಲು ಬಂದು ಲ್ಯಾಬ್ ಟೆಕ್ನಿಷಿಯನ್ ರೇಗಿದರು. ಆಶಾ ಕಾರ್ಯಕರ್ತೆ ಹಿತ್ತಲಿನ ಹೊಂಗೆ ಮರದ ಕೆಳಗೆ ರೋಗಿಗಳನ್ನು ನಿಲ್ಲಿಸಿ, ಬಾಯಿ ಮುಕ್ಕಳಿಸಿ, ಉಸಿರನ್ನು ಆಳವಾಗಿ ಎಳೆದುಕೊಂಡು ಎದೆಯಿಂದ ಕೆಮ್ಮುವುದನ್ನು ಹೇಳಿಕೊಟ್ಟ ಮೇಲೆ ಸರಿಹೋಯಿತು.

ಕ್ಷಯದ ಮಾತ್ರೆಗೆ ಬೇರೆ ಕೋಣೆ ಇಟ್ಟಿದ್ದು ನನ್ನ ಇನ್ನೊಂದು ತಪ್ಪು. "ಸಾರ್, ಆ ಬಾಗಿಲು ಹೊಕ್ಕರೆ ಸಂಜೆಗೆ ಊರಿಗೆಲ್ಲ ಗೊತ್ತಾಗುತ್ತದೆ" ಎಂದು ಒಬ್ಬ ಹೆಣ್ಣುಮಗಳು ಹೇಳಿದ ಮೇಲೆ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಕೊಡುವ ಕಿಟಕಿಯಲ್ಲಿಯೇ ಕೊಡಲಾರಂಭಿಸಿದೆವು. ಕ್ಷಯ ರೋಗಿಗಳಿಗೆಲ್ಲ ಸಕ್ಕರೆ ಪರೀಕ್ಷೆಯನ್ನೂ ಮಾಡಬೇಕಾದ್ದರಿಂದ ಅದೂ ಅಲ್ಲಿಯೇ ಮುಗಿಯಿತು.

ಬೀಡಿ ಸೇದುವ ಅಜ್ಜನೊಬ್ಬ ನಾಲ್ಕನೇ ದಿನಕ್ಕೆ ಮಾತ್ರೆ ಬಿಟ್ಟ. ಮೂತ್ರದಲ್ಲಿ ರಕ್ತ ಹೋಗುತ್ತಿದೆ ಎಂದು ಹೆದರಿದ್ದನಂತೆ. ಕ್ಷಯದ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿ ಮೂತ್ರವನ್ನು ಕೆಂಪಾಗಿಸುತ್ತದೆ ಎಂದು ನಾನು ಹೇಳಿರಲೇ ಇಲ್ಲ. ಈಗ ಫಾರ್ಮಸಿಸ್ಟ್ ಮಾತ್ರೆ ಎಣಿಸುವ ಮೊದಲು ಹೇಳುವ ಮಾತೇ ಅದು.

ಕ್ಷಯ ರೋಗಿಗಳಿಗೆ ಸರ್ಕಾರ ಕೊಡುವ ಪೋಷಣೆಯ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಎಂದು ಶುರುವಾಗಿ, 2024ರ ನವೆಂಬರ್‌ನಿಂದ 1,000 ಆಗಿದೆ. ಪಾಸ್‌ಬುಕ್ ತಕರಾರಿನಲ್ಲಿ ಕೆಲವರಿಗೆ ಚಿಕಿತ್ಸೆ ಮುಗಿದ ಮೇಲೆ ಬಂದದ್ದೂ ಉಂಟು. ಮೊಟ್ಟೆ ತಿನ್ನಬೇಕಾದ ತಿಂಗಳುಗಳು ಆಗಲೇ ಕಳೆದಿದ್ದವು.

ಗಾರೆ ಕೆಲಸಕ್ಕೆ ಬೆಂಗಳೂರಿಗೆ ಹೋಗುವವರ ವಿಷಯದಲ್ಲಿ ಇನ್ನೂ ಸೋಲುತ್ತಲೇ ಇದ್ದೇವೆ. ಎರಡನೇ ತಿಂಗಳಲ್ಲಿ ಮೈ ಹಗುರಾದ ಕೂಡಲೇ ಬಸ್ ಹತ್ತುತ್ತಾರೆ. ಕ್ಷಯ ರೋಗಿಗಳ ದಾಖಲೆ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅವರನ್ನು ಅಲ್ಲಿನ ಕೇಂದ್ರಕ್ಕೆ ವರ್ಗಾಯಿಸುತ್ತೇವೆ. ಮಾತ್ರೆ ತೆಗೆದುಕೊಂಡರೇ ಎಂದು ಫೋನ್ ಮಾಡಿ ಕೇಳುವವರು ಮಾತ್ರ ಇಂದಿಗೂ ನಮ್ಮೂರಿನ ಆಶಾ ಕಾರ್ಯಕರ್ತೆಯೇ.