ಕೆಲಸದಲ್ಲಿ ಪೆಟ್ಟಾದರೆ: ವಿಕ್ಟೋರಿಯಾಕ್ಕೆ ಹೊಸದಾಗಿ ಬಂದ ಕುಟುಂಬಗಳಿಗೆ

ಆಸ್ಟ್ರೇಲಿಯಾಕ್ಕೆ ಬಂದ ಹೊಸದರಲ್ಲಿ ಓದಿದ್ದು ಏನೇ ಇರಲಿ, ಸಿಕ್ಕ ಕೆಲಸ ಹಿಡಿಯುವವರು ನಮ್ಮಲ್ಲಿ ಬಹಳ ಮಂದಿ. ವೇರ್‌ಹೌಸ್, ಏಜ್ಡ್ ಕೇರ್, ಹೋಟೆಲ್ ಅಡುಗೆಮನೆ, ಕ್ಲೀನಿಂಗ್. ಎಲ್ಲವೂ ಮೈ ಬಗ್ಗಿಸಿ ಮಾಡುವ ಕೆಲಸಗಳೇ. ಅಲ್ಲಿ ಸೊಂಟ ಹಿಡಿದುಕೊಂಡರೂ ಕೈ ಸುಟ್ಟರೂ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಹೇಳಿದರೆ ಶಿಫ್ಟ್ ಕೊಡುವುದಿಲ್ಲ, ವೀಸಾಕ್ಕೆ ತೊಂದರೆ ಆಗುತ್ತದೆ ಎಂಬ ಭಯ. ಹಾಗಾಗಿ ಮೊದಲು ಇದನ್ನೇ ಹೇಳಿಬಿಡುತ್ತೇವೆ: ವಿಕ್ಟೋರಿಯಾದಲ್ಲಿ ಕೆಲಸದಿಂದ ಗಾಯವಾದವರಿಗೆ ವರ್ಕ್‌ಕವರ್ ವಿಮೆ ಇದೆ. ಪರ್ಮನೆಂಟ್ ಆಗಿರಿ, ಕ್ಯಾಶುವಲ್ ಆಗಿರಿ, ತಾತ್ಕಾಲಿಕ ವೀಸಾದಲ್ಲೇ ಇರಿ, ಕ್ಲೇಮ್ ಹಾಕಬಹುದು. ಅದರ ಪ್ರೀಮಿಯಂ ಕಟ್ಟುವುದು ಮಾಲೀಕರು. ತಪ್ಪು ಮಾಲೀಕರದ್ದೆಂದು ನೀವು ಸಾಬೀತು ಮಾಡಬೇಕಾಗಿಲ್ಲ. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಎಬಿಎನ್ (ಸ್ವಂತ ವ್ಯವಹಾರದ ನೋಂದಣಿ ಸಂಖ್ಯೆ) ಮೇಲೆ ದುಡಿಯುವವರ ಲೆಕ್ಕ ಬೇರೆ, ಆದರೆ ಅವರಲ್ಲೂ ಕೆಲವರನ್ನು ಕಾನೂನು ಕೆಲಸಗಾರರೆಂದೇ ಎಣಿಸುತ್ತದೆ. ನಮಗಿಲ್ಲ ಎಂದು ನೀವೇ ತೀರ್ಮಾನಿಸಬೇಡಿ, ಕೇಳಿ ನೋಡಿ.

ಪೆಟ್ಟಾಗದಂತೆ ನೋಡಿಕೊಳ್ಳುವುದು ಮಾಲೀಕರ ಕರ್ತವ್ಯವೆಂದು 2004ರ ಆಕ್ಯುಪೇಷನಲ್ ಹೆಲ್ತ್ ಅಂಡ್ ಸೇಫ್ಟಿ ಕಾಯ್ದೆ ಹೇಳುತ್ತದೆ. ಸುರಕ್ಷತೆಯ ಮಾಹಿತಿಯನ್ನು ಕೆಲಸಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂಬುದೂ ಅದರಲ್ಲಿದೆ. ಇಂಡಕ್ಷನ್ ದಿನ, ಅಂದರೆ ಕೆಲಸಕ್ಕೆ ಸೇರಿದಾಗ ಎಲ್ಲ ವಿವರಿಸುವ ದಿನ, ವೇಗದ ಇಂಗ್ಲಿಷ್‌ನಲ್ಲಿ ಹೇಳಿದ್ದು ತಲೆಗೆ ಹೋಗದಿದ್ದರೆ ತಲೆಯಾಡಿಸಿ ಸಹಿ ಹಾಕಬೇಡಿ. ಮತ್ತೊಮ್ಮೆ ತೋರಿಸಲು ಹೇಳಿ. ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿ, ಅಂದರೆ ಎಚ್‌ಎಸ್‌ಆರ್, ನಿಮ್ಮಲ್ಲಿ ಇದ್ದರೆ ಅವರು ಯಾರೆಂದು ಮೊದಲ ವಾರವೇ ತಿಳಿದುಕೊಳ್ಳಿ.

ಪೆಟ್ಟಾದರೆ ಅವತ್ತೇ ಬರೆಸಿ. ಗಾಯ ಗೊತ್ತಾದ 30 ದಿನಗಳೊಳಗೆ ತಿಳಿಸಬೇಕು ಎನ್ನುವುದು ಕಾನೂನು. ಆದರೆ ಅಷ್ಟು ದಿನ ಕಾಯುವುದು ಒಳ್ಳೆಯದಲ್ಲ. ಸೂಪರ್‌ವೈಸರ್‌ಗೆ ಬಾಯಲ್ಲಿ ಹೇಳಿದರೆ ಸಾಲದು. ಕೆಲಸದ ಜಾಗದಲ್ಲಿ ರಿಜಿಸ್ಟರ್ ಆಫ್ ಇಂಜುರೀಸ್, ಅಂದರೆ ಗಾಯಗಳ ದಾಖಲೆ ಪುಸ್ತಕ, ಇರಲೇಬೇಕು, ಅದರಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡುವಾಗ ಎಂದು ದಾಖಲಾಗಲಿ, ಫೋನಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ. "ಮೇಲಿನ ರ‍್ಯಾಕ್‌ನಿಂದ ಪೆಟ್ಟಿಗೆ ಇಳಿಸುವಾಗ ಸೊಂಟದ ಎಡಗಡೆ ಹಿಡಿದುಕೊಂಡಿತು" ಎಂದು ಬರೆದದ್ದು ಮುಂದೆ ಕೆಲಸಕ್ಕೆ ಬರುತ್ತದೆ. "ಸೊಂಟ ನೋವು" ಎಂದಷ್ಟೇ ಇದ್ದರೆ ಅದು ಮನೆಯಲ್ಲಿ ಬಂದ ನೋವೂ ಆಗಿರಬಹುದಲ್ಲ ಎಂಬ ಪ್ರಶ್ನೆ ಏಳುತ್ತದೆ.

ಆಮೇಲೆ ಡಾಕ್ಟರ್. ಯಾರ ಬಳಿ ಹೋಗಬೇಕೆಂಬುದು ನಿಮ್ಮ ಆಯ್ಕೆ. ಮ್ಯಾನೇಜರ್ ಜೊತೆಗೆ ಬಂದರೂ ಅವರನ್ನು ಒಳಗೆ ಕೂರಿಸಿಕೊಳ್ಳಬೇಕಾಗಿಲ್ಲ. ಕೆಲಸದಲ್ಲಿ ಆದ ಪೆಟ್ಟು ಎಂದು ಮೊದಲೇ ಹೇಳಿ. ಸಂಬಳದ ಬದಲಿ ಹಣ ಬೇಕಾದರೆ ಡಾಕ್ಟರ್ ಸರ್ಟಿಫಿಕೇಟ್ ಆಫ್ ಕೆಪ್ಯಾಸಿಟಿ, ಅಂದರೆ ಏನೇನು ಕೆಲಸ ಮಾಡಲು ಆಗುತ್ತದೆ ಎಂಬ ಪ್ರಮಾಣಪತ್ರ, ಕೊಡಬೇಕು. ಮೊದಲನೆಯದು ಸಾಮಾನ್ಯವಾಗಿ 14 ದಿನಗಳದ್ದು. ಈ ಕಾಗದವನ್ನು ಸಾಮಾನ್ಯ ಸಿಕ್ ಲೀವ್ ಚೀಟಿಯಂತೆ ಮಡಚಿ ಇಡಬೇಡಿ. ಕೂರುವುದು, ನಿಲ್ಲುವುದು, ಬಗ್ಗುವುದು, ಮಂಡಿಯೂರುವುದು, ಭಾರ ಎತ್ತುವುದು, ಹೀಗೆ ಒಂದೊಂದಕ್ಕೂ ಆಗುತ್ತದೆಯೇ ಇಲ್ಲವೇ ಎಂದು ಡಾಕ್ಟರ್ ಗುರುತು ಹಾಕಿರುತ್ತಾರೆ. ಅವರ ಮುಂದೆ "ಪರವಾಗಿಲ್ಲ ಡಾಕ್ಟ್ರೇ" ಎನ್ನುವ ಸಂಕೋಚ ನಮ್ಮವರಿಗೆ ಸಹಜ. ದಯವಿಟ್ಟು ಅಲ್ಲಿ ಅದನ್ನು ಬಿಡಿ. ರಾತ್ರಿ ಮಗ್ಗುಲು ಬದಲಿಸಲು ಆಗುತ್ತಿಲ್ಲ, ಮಗುವನ್ನು ಎತ್ತಿಕೊಳ್ಳಲು ಆಗುತ್ತಿಲ್ಲ ಎಂಬುದನ್ನು ಹೇಳಿದರೆ ತಾನೇ ಅವರಿಗೆ ಗೊತ್ತಾಗುವುದು? ಮನೆಯಲ್ಲಿ ಇದನ್ನೆಲ್ಲ ನೋಡುತ್ತಿರುವ ಗಂಡ ಅಥವಾ ಹೆಂಡತಿ ಜೊತೆಗೆ ಹೋದರೆ ಬಹಳ ಒಳ್ಳೆಯದು.

ಕ್ಲೇಮ್ ಒಪ್ಪಿಗೆಯಾದರೆ ಚಿಕಿತ್ಸೆಯ ನ್ಯಾಯವಾದ ಖರ್ಚಿನ ಜೊತೆಗೆ ವಾರದ ಹಣವೂ ಬರುತ್ತದೆ. ಕೆಲಸಕ್ಕೆ ಹೋಗಲು ಆಗದೇ ಇದ್ದಾಗ ಮೊದಲ 13 ವಾರ ಹಿಂದಿನ ಸರಾಸರಿ ದುಡಿಮೆಯ ಶೇ. 95, ಆಮೇಲೆ ಶೇ. 80, ಒಂದು ಗರಿಷ್ಠ ಮಿತಿಯೊಳಗೆ. ಮನೆ ಬಾಡಿಗೆಯ ಲೆಕ್ಕ ಹಾಕುವಾಗ ಈ ಇಳಿಕೆ ನೆನಪಿರಲಿ.

ಮರಳಿ ಕೆಲಸಕ್ಕೆ ಹೋಗಲು ಪೂರ್ತಿ ವಾಸಿಯಾಗುವವರೆಗೆ ಕಾಯಬೇಕೆಂದಿಲ್ಲ. ಬಹಳ ದಿನ ಮನೆಯಲ್ಲೇ ಕುಳಿತರೆ ಮನಸ್ಸೂ ಕುಗ್ಗುತ್ತದೆ, ಹಳೆಯ ಲಯಕ್ಕೆ ಮರಳುವುದೂ ಕಷ್ಟ. ನಿಮ್ಮ ಸಾಮರ್ಥ್ಯಕ್ಕೆ ತಕ್ಕ ಕೆಲಸವನ್ನು, ಸಾಧ್ಯವಾದ ಮಟ್ಟಿಗೆ, 52 ವಾರಗಳ ಅವಧಿಯಲ್ಲಿ ಮಾಲೀಕರು ಕೊಡಬೇಕು. ಭಾರ ಎತ್ತುತ್ತಿದ್ದವರಿಗೆ ಸ್ಕ್ಯಾನಿಂಗ್ ಕೆಲಸ, ದಿನಕ್ಕೆ ನಾಲ್ಕು ಗಂಟೆ, ನಡುನಡುವೆ ವಿರಾಮ, ಆಮೇಲೆ ನಿಧಾನವಾಗಿ ಹೆಚ್ಚಿಸುವುದು, ಹೀಗೆ ಒಂದು ಯೋಜನೆ ಬರವಣಿಗೆಯಲ್ಲಿ ಇರಲಿ. ಗಂಟೆ ಕಡಿಮೆಯಾದದ್ದಕ್ಕೆ ವಾರದ ಹಣದಿಂದ ಒಂದಷ್ಟು ತುಂಬಿಕೊಡುತ್ತಾರೆ. ಆದರೆ ಮಾತು ತಪ್ಪುವುದು ಹೆಚ್ಚಾಗಿ ಇಲ್ಲೇ: ಎರಡನೇ ವಾರ ಜನ ಕಡಿಮೆ ಇದ್ದಾರೆಂದು "ಇದೊಂದು ಪ್ಯಾಲೆಟ್ ಇಳಿಸಿಬಿಡಿ" ಎನ್ನುತ್ತಾರೆ. ಸರ್ಟಿಫಿಕೇಟ್ ತೋರಿಸಿ, ಆಗುವುದಿಲ್ಲ ಎನ್ನಿ. ವಾಸಿಯಾಗುತ್ತಿರುವ ಸೊಂಟಕ್ಕೆ ಮತ್ತೊಮ್ಮೆ ಏಟು ಬಿದ್ದರೆ ಮೊದಲಿಗಿಂತ ಹೆಚ್ಚು ದಿನ ಹಿಡಿಯಬಹುದು. ರಿಟರ್ನ್ ಟು ವರ್ಕ್ ಕೋಆರ್ಡಿನೇಟರ್ (ನೀವು ಕೆಲಸಕ್ಕೆ ಮರಳುವುದನ್ನು ನೋಡಿಕೊಳ್ಳಲು ಮಾಲೀಕರು ನೇಮಿಸಿದವರು) ಜೊತೆಗಿನ ಮೀಟಿಂಗ್‌ಗೆ ನಿಮ್ಮವರೊಬ್ಬರನ್ನು ಕರೆದುಕೊಂಡು ಹೋಗಬಹುದು. ಜೊತೆಗೆ ಯಾರೂ ಇಲ್ಲದಿದ್ದರೆ ನಮ್ಮ ಸಂಘಕ್ಕೆ ತಿಳಿಸಿ, ನಾವು ಬರುತ್ತೇವೆ.

ಅನುಮಾನವಿದ್ದರೆ, ಕೆಲಸದ ಸುರಕ್ಷತೆ ಮತ್ತು ಈ ವಿಮೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ವರ್ಕ್‌ಸೇಫ್ ವಿಕ್ಟೋರಿಯಾದ ಸಲಹಾ ಸಂಖ್ಯೆ 1800 136 089. ಇಂಗ್ಲಿಷ್ ತೊಡಕಾದರೆ ಮೊದಲು ಸರ್ಕಾರದ ದುಭಾಷಿ ಸೇವೆಯ 131 450ಕ್ಕೆ ಫೋನ್ ಮಾಡಿ ಕನ್ನಡ ದುಭಾಷಿಯನ್ನು ಕೇಳಿ. ಕ್ಲೇಮ್ ತಿರಸ್ಕಾರವಾಯಿತೆಂದು ಪತ್ರ ಬಂದರೆ 60 ದಿನಗಳೊಳಗೆ ಇಂಥ ತಕರಾರುಗಳನ್ನು ಬಗೆಹರಿಸುವ ವರ್ಕ್‌ಪ್ಲೇಸ್ ಇಂಜುರಿ ಕಮಿಷನ್‌ಗೆ ರಾಜಿ ಸಂಧಾನಕ್ಕಾಗಿ ಅರ್ಜಿ ಹಾಕಬಹುದು, ಅದಕ್ಕೆ ಕೆಲಸಗಾರರು ಶುಲ್ಕ ಕೊಡಬೇಕಾಗಿಲ್ಲ. ಪತ್ರದ ಲಕೋಟೆಯನ್ನೂ ಎಸೆಯಬೇಡಿ, ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ.